ಎಳ್ಳಿನಷ್ಟು ಸರಿದ ಚೆಂಡು

ಅಥಣಿ ರಸ್ತೆ, ವಿಜಯಪುರ
ಭಾನುವಾರ, 18 ಜನವರಿ 2026

ಚಿರಂಜೀವಿ ಪ್ರಾಚಿಗೆ ನಿನ್ನ ಅವ್ವನ ತುಂಬು ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನಪ್ಪನ ಮೊಣಕಾಲು ಒಂದನ್ನು ಬಿಟ್ಟರೆ ನಾವು ಕ್ಷೇಮವೇ ಇದ್ದೇವೆ. ಆದರೆ ನನ್ನ ಸಿಟ್ಟು ಹದಿನೈದು ದಿನದಿಂದ ಇಳಿದಿಲ್ಲ. ಪತ್ರ ತಡವಾದದ್ದಕ್ಕೆ ಅದೂ ಒಂದು ಕಾರಣ. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಅರ್ಧ ಪುಟದೊಳಗೆ ಯಾರನ್ನೋ ಬೈದು ಹರಿದು ಹಾಕಿದೆ. ಫೋನ್ ಮಾಡಬೇಡ್ರಿ ಎಂದು ನೀನೇ ಹೇಳಿದ್ದೀ. ಹೇಳಿದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ಚೀರುತ್ತೇನೆ, ನೀನು ಸುಮ್ಮನಾಗುತ್ತೀ. ಮೂವತ್ತೈದು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು, ಮಗಳಿಗೊಂದು ಪತ್ರ ಬರೆಯಲಾರೆನೇ?

ನಿನ್ನ ಸಂದೇಶವನ್ನು ಇನ್ನೂ ಅಳಿಸಿಲ್ಲ. ಥಾಯ್ಲೆಂಡಿನಲ್ಲಿ ಗಾಲ್ಫ್ ಅರ್ಹತಾ ಪಂದ್ಯ ಮುಗಿದ ಸಂಜೆ, ಮೂರನೇ ತಾರೀಖು, ನೀನು ಬರೆದದ್ದು: “ಅವ್ವಾ, ಹದಿನೇಳನೇ ಹೋಲ್‌ದಾಗ ಹೊಡಿಯೂ ಮೊದಲ ಉದ್ದ ಹುಲ್ಲಿನ್ಯಾಗ ಕೋಲು ತಾಗಿ ನನ್ನ ಚೆಂಡು ಸರೀತು. ಯಾರೂ ನೋಡಲಿಲ್ಲ. ನಾನ ಹೇಳಿದೆ. ಒಂದು ಹೊಡೆತ ದಂಡ ಬಿತ್ತು. ಒಂದ ಹೊಡೆತಕ್ಕ ಕಾರ್ಡ್ ಹೋತು.” ಹತ್ತು ನಿಮಿಷ ಬಿಟ್ಟು ಅದರ ಕೆಳಗೆ ಇನ್ನೊಂದು ಸಾಲು: “ನಾ ಮಾಡಿದ್ದು ಬರೋಬ್ಬರಿ ಐತೇನು? ಇಲ್ಲಾ ಆಟ ಬಿಟ್ಟ ಮನಿಗೆ ಬಂದ್ಬಿಡ್ಲಿ?”

ಈ ಪ್ರಶ್ನೆಗೆ ನಾನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಪುಣೆಯ ಆ ಸಣ್ಣ ಕೋಣೆಯಲ್ಲಿ ನೀನು ದಿನಾ ಮೊಬೈಲ್ ತೆಗೆದು ನೋಡಿರುತ್ತೀ ಎಂದು ನನಗೆ ಗೊತ್ತು. ಕೊಡುತ್ತೇನೆ. ಅದಕ್ಕಿಂತ ಮೊದಲು ನನ್ನ ಸಿಟ್ಟನ್ನು ಸ್ವಲ್ಪ ಇಳಿಸಿಕೊಳ್ಳಲು ಬಿಡು.

ಸಂಕ್ರಾಂತಿಗೆ ಕುಸುರೆಳ್ಳು ಕೊಡುವ ನೆಪದಲ್ಲಿ ಇಡೀ ಓಣಿಯೇ ಮನೆಗೆ ಬಂತು. ಕಾರ್ಡ್ ಎಂದರೆ ಒಂದು ವರ್ಷ ದೊಡ್ಡ ಪಂದ್ಯಗಳಲ್ಲಿ ಆಡುವ ಹಕ್ಕು ಎಂದು ಬಂದವರಿಗೆಲ್ಲ ಬಿಡಿಸಿ ಹೇಳಿ ನನಗೆ ಬಾಯಿ ನೋವು ಬಂದಿದೆ. ರೇಷನ್ ಕಾರ್ಡೇನ್ರಿ ಎಂದು ಕೇಳಿದವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಗೊತ್ತಿಲ್ಲದ್ದನ್ನು ಕೇಳಿದರು. ಸಿಟ್ಟು ಇರುವುದು ಗೊತ್ತಿದ್ದವರ ಮೇಲೆ. ಎದುರುಮನೆಯ ಹೀರಾಬಾಯಿ ಎರಡು ಸಲ ಚಹಾ ಕುಡಿದು, ನನ್ನ ಸಜ್ಜೆ ರೊಟ್ಟಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: “ಅಕ್ಕೋರ, ಯಾರೂ ನೋಡಿರಲಿಲ್ಲಂದ್ರ ಸುಮ್ಮ ಹೊಡದ ಮುಂದ ಹೋಗಬೇಕಿತ್ತು. ಭಾಳ ಭೋಳೆ ಅದಾಳ ನಿಮ್ಮ ಹುಡುಗಿ.”

ಭೋಳೆಯಂತೆ! ಇಪ್ಪತ್ತು ದೇಶದ ಹುಡುಗಿಯರ ನಡುವೆ ನಾಲ್ಕು ದಿನ ಉರಿಬಿಸಿಲಲ್ಲಿ ತಲೆ ಕೆಡಿಸಿಕೊಳ್ಳದೆ ಆಡಿದವಳು ಭೋಳೆ. ಮನೆಗೆ ಬಂದವರಿಗೆ ಎದುರು ಮಾತಾಡಬಾರದು ಎಂದು ಸುಮ್ಮನಿದ್ದೆ. ಇರಬಾರದಿತ್ತು ಎಂದು ಈಗ ಅನಿಸುತ್ತಿದೆ.

ಶಾಲೆಗೆ ಹೋದರೆ ಅಲ್ಲಿ ಸಂಗನಬಸವ ಮಾಸ್ತರರು. ನೀನು ಅವರ ಕೈಯಲ್ಲಿ ಮಗ್ಗಿ ಕಲಿತವಳು. ದಿನಾ ಬಬಲೇಶ್ವರದ ಬಸ್ಸಿನಲ್ಲಿ ನಾವಿಬ್ಬರೂ ಒಟ್ಟಿಗೇ ಹೋಗುತ್ತೇವೆ, ಒಟ್ಟಿಗೇ ಮರಳುತ್ತೇವೆ. ಬರುವ ಮೇ ಮೂವತ್ತೊಂದಕ್ಕೆ ನಿವೃತ್ತರಾಗುವುದೂ ಒಟ್ಟಿಗೇ, ಇಬ್ಬರ ಹುಟ್ಟಿದ ದಿನವೂ ಜೂನ್ ಒಂದು ಎಂದಿರುವುದರಿಂದ. ಸಣ್ಣವಳಿದ್ದಾಗ ನೀನು, ನಿನ್ನದೂ ಅದೇ ದಿನವೆಂದು ತಿಳಿದು, “ಇಡೀ ಸಾಲಿ ಒಂದ ದಿವಸ ಹುಟ್ಟೇತೇನವ್ವಾ” ಎಂದು ಕೇಳಿ ಸ್ಟಾಫ್ ರೂಮನ್ನೆಲ್ಲ ನಗಿಸಿದ್ದೆ. ಆ ಮಾಸ್ತರರು ಬಸ್ಸಿನಲ್ಲಿ ನಾಲ್ಕು ಮಂದಿಗೆ ಕೇಳುವಂತೆ, ಎಂಟು ವರ್ಷದ ದುಡಿಮೆ ಒಂದು ಮಾತಿಗೆ ಹಾಳಾಯಿತಲ್ಲ ಎಂದು ಲೊಚಗುಟ್ಟಿದರು. ಅವತ್ತೇ ಮೂರನೇ ಪಿರಿಯಡ್ಡಿನಲ್ಲಿ, ನನ್ನ ಪಕ್ಕದ ಕೋಣೆಯಲ್ಲಿ, ಮಕ್ಕಳಿಗೆ ಏನೇ ಆದರೂ ಸತ್ಯ ಬಿಡಬಾರದು ಎಂಬ ಪಾಠ ಮಾಡುತ್ತಿದ್ದರು. ಊಟದ ಹೊತ್ತಿಗೆ ನಾನು ಬಿಡಲಿಲ್ಲ, ಕೇಳಿಯೇಬಿಟ್ಟೆ. ಅವರಿಗೆ ನಾಚಿಕೆಯೂ ಆಗಲಿಲ್ಲ. “ಅದು ಪಾಠರೀ ಅಕ್ಕೋರ, ಇದು ಜೀವನ” ಎಂದು ನಕ್ಕರು. ಅವತ್ತಿನಿಂದ ಬಸ್ಸಿನಲ್ಲಿ ನಾನು ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳುತ್ತಿದ್ದೇನೆ.

ಒಬ್ಬ ಮನುಷ್ಯ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. ಕಳೆದ ಮಂಗಳವಾರ ತಿಕೋಟಾಕ್ಕೆ ಹೋಗಿದ್ದೆ. ನಿನ್ನ ದೊಡ್ಡಪ್ಪ ಶಂಕ್ರೆಪ್ಪನವರು ದ್ರಾಕ್ಷಿ ಪಡದಲ್ಲಿ ಗೊನೆ ನೋಡುತ್ತಾ ನಿಂತಿದ್ದರು. ಈ ಸಲ ಕಾಯಿ ಚೆನ್ನಾಗಿ ಹಿಡಿದಿದೆ. ಒಣದ್ರಾಕ್ಷಿ ಶೆಡ್ಡಿನ ಪಕ್ಕ ನಿನಗಾಗಿ ಬೆಳೆಸಿದ ಹುಲ್ಲಿನ ತುಂಡು ಇನ್ನೂ ಹಾಗೇ ಇದೆ. ದ್ರಾಕ್ಷಿಯ ಹನಿ ಪೈಪಿನಿಂದಲೇ ಅದಕ್ಕೆ ನೀರು ಬಿಡುತ್ತಾರೆ, ಆಡು ನುಗ್ಗದಂತೆ ಮುಳ್ಳು ಹಚ್ಚಿದ್ದಾರೆ. ನಾನು ವಿಷಯ ಹೇಳಿದೆ. ಅವರು ಕೆಲಸ ಬಿಡದೆ ಕೇಳಿದರು: “ಚೆಂಡ ಸರದಿತ್ತೋ ಇಲ್ಲೋ?”

ಎಳ್ಳಿನಷ್ಟು ಸರಿದಿತ್ತಂತೆ ಎಂದೆ.

“ಎಳ್ಳಿನಷ್ಟರ ಆಗಲಿ, ಸರದಿತ್ತಲ್ಲ. ಮುಗೀತು” ಎಂದು ವಾಲ್ವ್ ತಿರುಗಿಸಲು ಹೋದರು. ಇಡೀ ಜಿಲ್ಲೆಯಲ್ಲಿ ಗಾಲ್ಫ್ ತಿಳಿದವರು ಅವರೊಬ್ಬರೇ ಎಂದು ನನಗನಿಸಿತು.

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಮತ್ತೆ ಯಾರೋ ಸಮಾಧಾನ ಹೇಳಲು ಬಂದಿರಬೇಕು. ಉಳಿದದ್ದು ನಾಳೆ.

ಸೋಮವಾರ, ಶಾಲೆಯಲ್ಲಿ, ಊಟದ ಬಿಡುವು

ಬಂದವನು ಬೇರೆ ಯಾರೂ ಅಲ್ಲ, ನಿನ್ನ ಸೋದರಮಾವ ಸತೀಶಕುಮಾರ. ಶುಕ್ರವಾರ ಬಂದು ಜಗಳವಾಡಿ ಹೋದವನು, ಭಾನುವಾರ ಪೇಡೆ ಹಿಡಿದುಕೊಂಡು ಬಂದಿದ್ದ. ನಾನು ಬಾಗಿಲಿನಿಂದಲೇ ಕಳಿಸಿದೆ. ಅವನ ಕಥೆ ಹೇಳುವ ಮೊದಲು ಒಂದು ಮಾತು.

ನಿನ್ನ ಆಟ ಈ ಊರಿಗೆ ಯಾವಾಗ ಬೇಕಾಗಿತ್ತು? ಮೂರನೇ ಇಯತ್ತೆ ಮುಗಿಸಿ ಅಪ್ಪನ ವರ್ಗಾವಣೆಯ ಜೊತೆ ನೀನು ಬೆಳಗಾವಿಗೆ ಹೋದೆ. ನಾನು ನೌಕರಿಗಾಗಿ ಇಲ್ಲೇ ಉಳಿದು ಶನಿವಾರದ ಬಸ್ಸಿಗೆ ಬರುತ್ತಿದ್ದೆ. ಬಾಡಿಗೆ ಮನೆಯ ಹಿತ್ತಲಿಗೆ ಗಾಲ್ಫ್ ಮೈದಾನದ ಚೆಂಡುಗಳು ಬಂದು ಬೀಳುತ್ತಿದ್ದವು. ಅವನ್ನು ಆರಿಸಿ ಕೊಡಲು ಹೋಗುತ್ತಾ ಹೋಗುತ್ತಾ ನೀನು ಆಟ ಕಲಿತೆ, ಅಲ್ಲಿ ಹುಲ್ಲಿಗೆ ನೀರು ಬಿಡುತ್ತಿದ್ದ ಮಶಾಕಸಾಬರ ಮಗಳು ಮುಮತಾಜಳ ಜೊತೆ. ಯಾರೋ ಬಿಟ್ಟುಕೊಟ್ಟ ಎರಡು ಹಳೆಯ ಕ್ಲಬ್ಬುಗಳು, ಒಂದು ನಿನಗೆ, ಒಂದು ಅವಳಿಗೆ. 2011ರ ಬೇಸಿಗೆಯಲ್ಲಿ ಅಲ್ಲಿಯ ಕಿರಿಯರ ಕಪ್ಪು ಗೆದ್ದೆ, ಅದರಿಂದ ಬೆಂಗಳೂರಿನಲ್ಲಿ ಒಂದು ವರ್ಷದ ತರಬೇತಿ ಸಿಕ್ಕಿತು, ಅಲ್ಲಿಂದ ನಿನ್ನ ದಾರಿಯೇ ಬೇರೆಯಾಯಿತು. ಅವತ್ತು ಈ ಓಣಿಯವರು ಏನಂದರು? ಹುಲ್ಲಿನಲ್ಲಿ ಕೋಲು ಹಿಡಿದು ಅಡ್ಡಾಡುವುದಕ್ಕೆ ಹುಡುಗಿಯನ್ನು ಬೆಂಗಳೂರಿಗೆ ಕಳಿಸುತ್ತಾರೆಯೇ ಎಂದರು.

2018ರಲ್ಲಿ ನೀನು ವೃತ್ತಿಪರಳಾದಾಗ, ಅದು ಎಂಥ ನೌಕರಿ, ಪೆನ್ಶನ್ ಇದೆಯೇ ಎಂದು ಕೇಳಿದರು. ವರ ನೋಡಲು ಬಂದ ಜಮಖಂಡಿಯವರು ನಿನ್ನ ಕೈಯ ಗುಳ್ಳೆ ನೋಡಿ ಹೊಲದ ಕೆಲಸಕ್ಕೆ ಕಳಿಸುತ್ತೀರೇನು ಎಂದರು. ಬೆಳಿಗ್ಗೆ ಪುಣೆಯ ಮಕ್ಕಳಿಗೆ ಆಟ ಕಲಿಸಿ, ಮಧ್ಯಾಹ್ನ ನೀನು ಅಭ್ಯಾಸ ಮಾಡಿ, ಸ್ಲೀಪರ್ ಡಬ್ಬಿಯಲ್ಲಿ ಕ್ಲಬ್ಬಿನ ಚೀಲವನ್ನು ತಬ್ಬಿಕೊಂಡು ಹೈದರಾಬಾದು, ಕೋಲ್ಕತ್ತ ಸುತ್ತಿದೆ. ಮಣಿಕಟ್ಟು ಮುರಿದ ವರ್ಷ ಎಂಟು ತಿಂಗಳು ಎಡಗೈಯಲ್ಲಿ ಊಟ ಮಾಡಿದೆ. ಮೊದಲ ಸಲ ಗೆದ್ದಾಗ ಪೇಪರಿನಲ್ಲಿ ನಾಲ್ಕು ಸಾಲು ಬಂತು, ನಾನು ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದೆ. ಅಷ್ಟೇ. ಹೋದ ವರ್ಷ ದೇಶದ ಪಟ್ಟಿಯಲ್ಲಿ ಮೂರನೆಯವಳಾದ ಮೇಲೆ ಎಲ್ಲರಿಗೂ ನೀನು ನಮ್ಮ ಮಗಳಾಗಿಬಿಟ್ಟೆ.

ಮೊಬೈಲಿನಲ್ಲಿ ನಿನ್ನ ಪಂದ್ಯ ಬಂದಾಗ ನಾನು ಹುಡುಕುವುದು ಒಂದನ್ನೇ. ಕುಳಿಯ ಹತ್ತಿರ ಚೆಂಡು ಎತ್ತಿಕೊಳ್ಳುವಾಗ ಅದರ ಜಾಗದಲ್ಲಿ ಎಲ್ಲರೂ ಬಣ್ಣದ ಬಿಲ್ಲೆ ಇಡುತ್ತಾರೆ. ನೀನು ಮಾತ್ರ ಚಲಾವಣೆ ನಿಂತ ನಾಲ್ಕಾಣೆ ಇಡುತ್ತೀ, ಕಪ್ಪು ಗೆದ್ದ ದಿನ ಮುಮತಾಜ ನಿನ್ನ ಕೈಯಲ್ಲಿ ಇಟ್ಟದ್ದು. ಅದು ಕಂಡಾಗಲೆಲ್ಲ ನನಗೆ ಒಂಥರಾ ಆಗುತ್ತದೆ.

ಈಗ ನಿನ್ನ ಮಾವನ ವಿಷಯ. ತೊರವಿಯ ಹತ್ತಿರ ಅವನು ಲೇಔಟ್ ಮಾಡಿದ್ದು ನಿನಗೆ ಗೊತ್ತು. ಅದಕ್ಕೆ ‘ಪ್ರಾಚಿ ಗಾಲ್ಫ್ ಸಿಟಿ’ ಎಂದು ಹೆಸರಿಟ್ಟಿದ್ದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಬಸ್ಸಿನ ಕಿಟಕಿಯಿಂದ ನೋಡಿದೆ. ಎರಡಾಳೆತ್ತರದ ಫಲಕದಲ್ಲಿ ನಿನ್ನ ಚಿತ್ರ. ಅದನ್ನೂ ತಿರುವಿ ಹಾಕಿದ್ದಾರೆ, ನೀನು ಎಡಗೈ ಆಟಗಾರ್ತಿಯಾಗಿದ್ದೀ. ಗಾಲ್ಫ್ ಎಲ್ಲಿದೆ ಎಂದು ಇಳಿದು ನೋಡಿದರೆ ಗೇಟಿನ ಹತ್ತಿರ ಒಂದು ಚಾಪೆಯಷ್ಟು ಪ್ಲಾಸ್ಟಿಕ್ ಹುಲ್ಲು, ನಡುವೆ ಒಂದು ಬಾವುಟ. ಬಾವುಟದ ಬುಡದಲ್ಲಿ ಕುಳಿ ತೋಡುವುದನ್ನೇ ಮರೆತಿದ್ದಾರೆ.

ಶುಕ್ರವಾರ ಅವನು ಒಂದು ಬ್ಯಾನರಿನ ನಕಲು ಹಿಡಿದುಕೊಂಡು ಬಂದ. ‘ವಿಜಯಪುರದ ಮಗಳಿಗೆ ವಿದೇಶಿ ತೀರ್ಪುಗಾರರಿಂದ ಅನ್ಯಾಯ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದ. ಇಪ್ಪತ್ತಾರನೇ ತಾರೀಖು ಲೇಔಟಿನಲ್ಲಿ ಧ್ವಜಾರೋಹಣ, ನಿನಗೆ ಸನ್ಮಾನ, ಆಮೇಲೆ ಮೆರವಣಿಗೆಯಂತೆ. ನೀನು ಬಂದು ಏನೂ ಮಾತಾಡಬೇಕಿಲ್ಲವಂತೆ, ಕಣ್ಣು ಒರೆಸಿಕೊಂಡು ನಿಂತರೆ ಸಾಕಂತೆ. ಅನ್ಯಾಯ ಮಾಡಿದವರು ಯಾರು ಎಂದು ಕೇಳಿದೆ.

“ಯಾರರ ಮಾಡ್ಯಾರ ಅನ್ನೂಣಕ್ಕಾ. ಖರೇ ಹೇಳಿ ಸೋತಾಳ ಅಂದ್ರ ಮಂದಿ ನಗತಾರ. ಅನ್ಯಾಯ ಆಗೇತಿ ಅಂದ್ರ ಮಂದಿ ಕೂಡತಾರ.”

ನೋಡು, ಇದು ನಮ್ಮ ಊರು! ನೀನು ಮೋಸ ಹೋದವಳಾದರೆ ಬೇಕು, ಮೋಸ ಮಾಡದವಳಾದರೆ ಬೇಡ. ನಾನು ಆ ನಕಲನ್ನು ಅವನೆದುರೇ ಹರಿದೆ. ಯಾರೂ ನೋಡದಿದ್ದರೂ ಹೇಳುವ ಮಗಳನ್ನು ನಾನು ಬೆಳೆಸಿದ್ದೇನೆ, ಸಂಜೆಯೊಳಗೆ ಅವಳ ಮುಖ ನಿನ್ನ ಫಲಕದಿಂದ ಇಳಿಯದಿದ್ದರೆ ನಾನೇ ಬಂದು ಏಣಿ ಹತ್ತುತ್ತೇನೆ ಎಂದೆ. ಅವನು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ದನಿ ಇಳಿಸಿ, ಒಂದೇ ಒಂದು ಮಾತು ಹೇಳಿ ಹೋದ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನಪ್ಪ ಪೇಪರು ಓದುತ್ತಾ ಕುಳಿತಿದ್ದರು, ಕೇಳಿಸಿಕೊಂಡರು, ತಲೆ ಎತ್ತಲಿಲ್ಲ. ಫಲಕವೇನೋ ಮರುದಿನ ಇಳಿಯಿತು.

ಅದೇ ಪೇಪರಿನಲ್ಲಿ ನಿನ್ನ ಮಾತು ಬಂದಿತ್ತು. ಯಾರೋ ಫೋನಿನಲ್ಲಿ ಮಾತಾಡಿಸಿದ್ದಾರೆ. “ನನ್ನ ತಾಯಿ ಕನ್ನಡ ಶಾಲೆಯ ಶಿಕ್ಷಕಿ. ಅವರು ಸುಳ್ಳು ಬರೆದದ್ದನ್ನು ನಾನು ಯಾವತ್ತೂ ಕಂಡಿಲ್ಲ. ಹಾಗಾಗಿ ನನ್ನ ಸ್ಕೋರ್ ಚೀಟಿಯಲ್ಲಿ ಸುಳ್ಳು ಅಂಕಿ ಬರೆಯಲು ಕೈ ಬರಲಿಲ್ಲ” ಎಂದು ಹೇಳಿದ್ದೀ. ಅದನ್ನು ಓದಿ ತಾಲೂಕಿನ ಶಿಕ್ಷಕರು ಇಪ್ಪತ್ತಾರಕ್ಕೆ ಬಬಲೇಶ್ವರದಲ್ಲಿ ನನಗೆ ಶಾಲು ಹೊದಿಸುತ್ತೇವೆ ಎಂದು ಬಂದರು, ಸಂಗನಬಸವ ಮಾಸ್ತರರೇ ಮುಂದಾಳು. ನಾನು ಒಲ್ಲೆ ಎಂದೆ. ನಿವೃತ್ತಿಯ ದಿನವೂ ಬೇಡ ಎಂದೆ. ಎಲ್ಲರೂ ಅದನ್ನು ನನ್ನ ವಿನಯ ಎಂದರು. ವಿನಯವಲ್ಲ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ನೀನು ಮಾಡಿದ್ದು ಸರಿ. ನೂರು ಸಲ ಕೇಳಿದರೂ ಸರಿ. ಆಟ ಬಿಡಬೇಡ. ಬಿಡುವುದಾದರೆ ಮಣಿಕಟ್ಟು ನೋಯುತ್ತದೆ ಎಂದು ಬಿಡು, ಬೇಸರ ಬಂದಿತೆಂದು ಬಿಡು, ಖರೆ ಹೇಳಿ ಸೋತೆ ಎಂದು ಬಿಡಬೇಡ. ಈ ವರ್ಷದ ಕೊನೆಗೆ ಮತ್ತೆ ಅರ್ಹತಾ ಪಂದ್ಯ ಬರುತ್ತದೆ, ನೀನು ಹೋಗುತ್ತೀ. ಮನೆಗೆ ಬರಬೇಕೆನಿಸಿದರೆ ಅದಕ್ಕೆ ಕಾರಣ ಬೇಕಿಲ್ಲ, ಬಂದು ತಿಕೋಟಾದ ಹುಲ್ಲಿನ ಮೇಲೆ ನಾಲ್ಕು ದಿನ ಆಡಿ ಹೋಗು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕುಸುರೆಳ್ಳು ಬೇರೆ ಪಾರ್ಸೆಲ್ ಮಾಡಿದ್ದೇನೆ. ಕುಸುರೆಳ್ಳನ್ನು ನಿನ್ನ ಹತ್ತಿರ ಕಲಿಯುವ ಮಕ್ಕಳಿಗೂ ಹಂಚು. ದೇವರು ನಿನ್ನ ಕೈಗೆ ಕಸುವು ಕೊಡಲಿ. ಕಣ್ಣು ಹೀಗೇ ನಿಚ್ಚಳವಾಗಿರಲಿ, ಎಳ್ಳಿನಷ್ಟು ಸರಿದದ್ದೂ ಕಾಣುವಂತೆ.

ನಿನ್ನ ಪ್ರೀತಿಯ ಅವ್ವ,
ನಂದಾ

ಮರುಬರಹ: ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೂ ಹೋಗಿದ್ದೆ. ಮತ್ತೆ ಬಿಡಿಸಿ ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಎರಡು ಬಸ್ಸು ಬಿಟ್ಟೆ. ನಿನ್ನ ಮಾವ ಬಾಗಿಲಲ್ಲಿ ಹೇಳಿದ್ದು ಇದು: “ಅಕ್ಕಾ, ನೀ ಜೂನ್ ಒಂದು ಅಂತ ಬರದಾಗ ಯಾರ್ ನೋಡಿದ್ರು?”

ಪ್ರಾಚಿ, ನೀನು ಹುಟ್ಟಿದ್ದು ಜೂನ್ ಒಂದಕ್ಕಲ್ಲ. ತೊಂಬತ್ತೆಂಟರಲ್ಲೂ ಅಲ್ಲ. ತೊಂಬತ್ತೇಳರ ದೀಪಾವಳಿ ಪಾಡ್ಯದ ಬೆಳಿಗ್ಗೆ. ಮಕ್ಕಳನ್ನು ಶಾಲೆಗೆ ಹೆಸರು ಹಚ್ಚಲು ಬಂದ ಪಾಲಕರಿಗೆ ತಾರೀಖು ನೆನಪಿರದಿದ್ದರೆ ನಾವು ಶಿಕ್ಷಕರೇ ಜೂನ್ ಒಂದು ಬರೆದುಬಿಡುತ್ತಿದ್ದೆವು. ನನ್ನದನ್ನೂ ಯಾರೋ ಹಾಗೇ ಬರೆದಿದ್ದರು. ಆದರೆ ನಿನ್ನ ತಾರೀಖು ನನಗೆ ನೆನಪಿತ್ತು. ಮುಂದೆ ನಿನಗೆ ಸರ್ಕಾರಿ ನೌಕರಿ ಸಿಕ್ಕರೆ ಏಳು ತಿಂಗಳು ಹೆಚ್ಚಿಗೆ ಸೇವೆ ಸಿಗುತ್ತದೆ ಎಂದು, ನನ್ನದೇ ಶಾಲೆಯ ರಜಿಸ್ಟರಿನಲ್ಲಿ, ನನ್ನದೇ ಕೈಯಲ್ಲಿ ಸುಳ್ಳು ಬರೆದೆ. ಪಕ್ಕದಲ್ಲಿ ಕುಳಿತಿದ್ದ ನಿನ್ನ ಮಾವ ನಕ್ಕಿದ್ದ. ನಿನ್ನ ಅಜ್ಜಿ ಕಾಶಿಬಾಯಿ ಪ್ರತಿ ಪಾಡ್ಯಕ್ಕೆ ನಿನಗೆ ಆರತಿ ಮಾಡಿ, ಇವತ್ತ ಹುಟ್ಟಿದ ಕೂಸು ಎನ್ನುತ್ತಿದ್ದರು. ಹೌದೇನವ್ವಾ ಎಂದು ನೀನು ಕೇಳಿದಾಗ, ಅಜ್ಜಿಗೆ ಮರೆವು ಎಂದು ನಾನು ಹೇಳಿದೆ. ಸಾಯುವವರೆಗೂ ಅವರಿಗೆ ಎಲ್ಲವೂ ನೆನಪಿತ್ತು.

ಇಷ್ಟೇ ಆಗಿದ್ದರೆ ಊರೆಲ್ಲ ಮಾಡುವ ತಪ್ಪು ಎಂದು ನುಂಗಿಕೊಳ್ಳುತ್ತಿದ್ದೆ. ನೀನು ಕಪ್ಪು ಗೆದ್ದ ಬೆಳಗಾವಿಯ ಕಿರಿಯರ ಪಂದ್ಯಕ್ಕೆ, ಆ ವರ್ಷದ ಜನವರಿ ಒಂದಕ್ಕೆ ಹದಿಮೂರು ತುಂಬಿರಬಾರದು ಎಂಬ ನಿಯಮವಿತ್ತು. ನಿನಗೆ ತುಂಬಿ ಎರಡು ತಿಂಗಳಾಗಿತ್ತು. ಫಾರ್ಮಿನಲ್ಲಿ ವಯಸ್ಸು ಸರಿಯಿದೆ ಎಂಬ ಸಾಲಿನ ಕೆಳಗೆ ಪಾಲಕರ ಸಹಿ ಬೇಕಿತ್ತು. ನಿನ್ನಪ್ಪ ಪೆನ್ನು ಕೆಳಗಿಟ್ಟು “ನಂದಾ, ಬ್ಯಾಡ” ಎಂದರು. ನಾನು “ಯಾರ್ ನೋಡ್ತಾರ್ರೀ” ಎಂದು ನನ್ನ ಸಹಿ ಹಾಕಿದೆ. ಹೀರಾಬಾಯಿ ನನ್ನೆದುರು ಕುಳಿತು ಹೇಳಿದ ಮಾತೇ ಅದು. ಅವರಿಗೆ ಎದುರು ಮಾತಾಡದೆ ಸುಮ್ಮನಿದ್ದದ್ದು ಮರ್ಯಾದೆಗಲ್ಲ.

ನಿನ್ನದು ಇದರಲ್ಲಿ ಏನೂ ತಪ್ಪಿಲ್ಲ, ನಿನಗೆ ಗೊತ್ತೇ ಇರಲಿಲ್ಲ. ಕಪ್ಪನ್ನು ಶುಕ್ರವಾರ ರಾತ್ರಿಯೇ ಶೋಕೇಸಿನಿಂದ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಶನಿವಾರ ಅದನ್ನು ಹಿಡಿದುಕೊಂಡು ಬೆಳಗಾವಿಗೆ ಹೋಗಿ, ಆ ಫಾರ್ಮಿನಲ್ಲಿ ಬರೆದದ್ದು ಸುಳ್ಳು ಎಂದು ಹೇಳುತ್ತೇನೆ. ಈಗಷ್ಟೇ ಫೋನ್ ಮಾಡಿ ಹೇಳಿದೆ, ನಿನ್ನಪ್ಪನೂ ಬರುತ್ತಾರಂತೆ, ಆ ಮೊಣಕಾಲು ಎಳೆದುಕೊಂಡು. ಮಶಾಕಸಾಬರು ಆ ವರ್ಷವೇ ಕೆಲಸ ಬಿಟ್ಟು ತಮ್ಮ ಊರಿಗೆ ಹೋದರು, ಮಗಳು ಮತ್ತೆ ಆಡಲಿಲ್ಲ ಎಂದಷ್ಟೇ ಗೊತ್ತು. ಯಾವ ಊರು ಎಂದು ಅಲ್ಲಿ ಯಾರಿಗಾದರೂ ನೆನಪಿರಬಹುದು, ಹುಡುಕುತ್ತೇನೆ. ಇದನ್ನು ಓದಿ ನೀನು ಇನ್ನೂ ಒಂದು ವರ್ಷ ಫೋನ್ ಮಾಡಬೇಡ್ರಿ ಎಂದರೂ ನಾನು ತಕರಾರು ಮಾಡುವುದಿಲ್ಲ.

ಆ ನಾಲ್ಕಾಣೆಯನ್ನು ಜೋಪಾನವಾಗಿ ಇಟ್ಟುಕೋ. ಅವತ್ತು ಬೆಂಗಳೂರಿಗೆ ಹೋಗಬೇಕಾದವಳು ಅದನ್ನು ಕೊಟ್ಟವಳು, ನಿನ್ನ ಹಿಂದೆ ಎರಡನೆಯವಳಾಗಿ ನಿಂತವಳು. ಎರಡು ಹೊಡೆತಕ್ಕೆ ಸೋತಳು ಎಂದು ಬರೆದುಕೊಂಡರು, ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಮುಮತಾಜ ಸೋತಿರಲಿಲ್ಲ, ಪ್ರಾಚಿ.